ಹಿಂಡಿ, ಬೂಸಾ, ಬಿಯರ್ ಮಡ್ಡಿ: ಗಿರಣಿ ಮತ್ತು ಕಾರ್ಖಾನೆಯ ಉಳಿಕೆಯನ್ನು ದನಕ್ಕೆ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಳಿಕೆ ಎಂದರೆ ಯಾವುದು? ಬೂಸಾ, ಹಿಂಡಿಯೂ ಅದರಲ್ಲಿ ಸೇರುತ್ತದೆಯೇ?

ಸೇರುತ್ತದೆ. ಗೋಧಿ ಹಿಟ್ಟು ಮಾಡಿದಾಗ ಉಳಿಯುವುದು ಬೂಸಾ, ಅಕ್ಕಿಗೆ ಪಾಲಿಶ್ ಕೊಟ್ಟಾಗ ಉಳಿಯುವುದು ತೌಡು, ಎಣ್ಣೆ ತೆಗೆದ ಮೇಲೆ ಉಳಿಯುವುದು ಹಿಂಡಿ. ತಲೆಮಾರುಗಳಿಂದ ಗೋದಲಿಗೆ ಬೀಳುತ್ತಿರುವುದರಿಂದ ಇವನ್ನು ಯಾರೂ ಉಳಿಕೆ ಎಂದು ಕರೆಯುವುದಿಲ್ಲ, ಅಷ್ಟೇ. ಹೊಸದಾಗಿ ಸೇರಿರುವುದು ಬಿಯರ್ ಕಾರ್ಖಾನೆಯ ಮಡ್ಡಿ, ಎಥೆನಾಲ್ ಘಟಕದಲ್ಲಿ ಧಾನ್ಯದ ಪಿಷ್ಟ ಹೋದ ಮೇಲೆ ಉಳಿದದ್ದನ್ನು ಒಣಗಿಸಿದ ಡಿಡಿಜಿಎಸ್, ಸ್ಟಾರ್ಚ್ ಕಾರ್ಖಾನೆಯ ಮೆಕ್ಕೆಜೋಳದ ಹಿಂಡಿ, ಹಣ್ಣಿನ ತಿರುಳು ತೆಗೆದ ಸಿಪ್ಪೆ ಇಂಥವು.

ಯಾವುದು ಲಾಭ ಎನ್ನುವುದನ್ನು ನಿಮ್ಮ ಊರು ತೀರ್ಮಾನಿಸುತ್ತದೆ. ಕಲಬುರಗಿ ಕಡೆಯವರಿಗೆ ಬೇಳೆ ಗಿರಣಿಯಲ್ಲಿ ಉಳಿಯುವ ತೊಗರಿ ಚುನ್ನಿ, ಸಿಂಧನೂರು ಮತ್ತು ಗಂಗಾವತಿ ಸುತ್ತ ತೌಡು, ಚಳ್ಳಕೆರೆಯಲ್ಲಿ ಶೇಂಗಾ ಹಿಂಡಿ, ತಿಪಟೂರಿನಲ್ಲಿ ಕೊಬ್ಬರಿ ಹಿಂಡಿ, ದಾವಣಗೆರೆ ಮತ್ತು ಹಾವೇರಿಯಲ್ಲಿ ಮೆಕ್ಕೆಜೋಳದ ಉಳಿಕೆ, ಮಂಡ್ಯ ಮತ್ತು ಬೆಳಗಾವಿಯಲ್ಲಿ ಕಬ್ಬಿನ ಸೋಗೆ, ಮಲೆನಾಡಿನಲ್ಲಿ ಅಡಿಕೆ ಹಾಳೆ. ಒಣ ಸರಕಾದರೆ ನೂರು ಕಿಲೋಮೀಟರ್ ಸಾಗಿಸಿದರೂ ಗಿಟ್ಟೀತು. ಹಸಿ ಸರಕನ್ನು ಅಷ್ಟು ದೂರ ತಂದರೆ ಗಿಟ್ಟುವುದು ಟೆಂಪೋ ಮಾಲೀಕನಿಗೆ.

ಬಿಯರ್ ಮಡ್ಡಿ ಕೆಜಿಗೆ 8 ರೂಪಾಯಿ, ಪಶು ಆಹಾರ 26 ರೂಪಾಯಿ. ಮಡ್ಡಿಯೇ ಅಗ್ಗವಲ್ಲವೇ?

ಅಲ್ಲ. ಜನ ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಈ ಲೆಕ್ಕದಲ್ಲೇ.

ಹಸಿ ಮಡ್ಡಿಯಲ್ಲಿ 100 ಕೆಜಿಗೆ 75ರಿಂದ 80 ಕೆಜಿ ನೀರು ಇರುತ್ತದೆ. ನೀರು ಬಿಟ್ಟು ಉಳಿಯುವ ಒಣಾಂಶ 22 ಕೆಜಿ ಎಂದಿಟ್ಟುಕೊಳ್ಳಿ. ಆಗ ಒಂದು ಕೆಜಿ ಒಣಾಂಶಕ್ಕೆ ನೀವು ಕೊಟ್ಟದ್ದು 8 ಭಾಗಿಸು 0.22, ಅಂದರೆ 36 ರೂಪಾಯಿ. ಚೀಲದ ಪಶು ಆಹಾರದಲ್ಲಿ ಒಣಾಂಶ ಸುಮಾರು 89 ಭಾಗ, ಹಾಗಾಗಿ 26 ಭಾಗಿಸು 0.89, ಅಂದರೆ 29 ರೂಪಾಯಿ. ಅಗ್ಗ ಎಂದು ತಂದದ್ದು 7 ರೂಪಾಯಿ ದುಬಾರಿ.

ಪ್ರೋಟೀನ್ ಲೆಕ್ಕವನ್ನೂ ಹಾಕಿ ನೋಡಿ. ಮಡ್ಡಿಯ ಒಣಾಂಶದಲ್ಲಿ ಪ್ರೋಟೀನ್ ಶೇ. 25 ಇದ್ದರೆ ಹಸಿ ಮಡ್ಡಿಯ ಒಂದು ಕೆಜಿಯಲ್ಲಿ ಇರುವುದು 55 ಗ್ರಾಂ ಮಾತ್ರ. ಆ ಪ್ರಕಾರ ಒಂದು ಕೆಜಿ ಪ್ರೋಟೀನ್‌ಗೆ 145 ರೂಪಾಯಿ ಬಿತ್ತು. ಶೇ. 20 ಪ್ರೋಟೀನ್ ಇರುವ ಪಶು ಆಹಾರದಲ್ಲಿ ಅದೇ ಒಂದು ಕೆಜಿಗೆ 130 ರೂಪಾಯಿ. ಈ ದರಗಳಲ್ಲಿ ಮಡ್ಡಿ ಗೋದಲಿ ಮುಟ್ಟುವಷ್ಟರಲ್ಲಿ, ಬಾಡಿಗೆಯೂ ಸೇರಿ, ಕೆಜಿಗೆ 6 ರೂಪಾಯಿ ಒಳಗಿದ್ದರೆ ಮಾತ್ರ ಕೊಳ್ಳಿ. ಹತ್ತರಲ್ಲಿ ಒಂದು ಭಾಗ ಕೆಟ್ಟುಹೋಗುವುದು ಸಾಮಾನ್ಯ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಲ್ಲಿ ಹಾಕಿರುವ ಬೆಲೆಗಳು ಲೆಕ್ಕದ ದಾರಿ ತೋರಿಸಲು ಮಾತ್ರ. ನಿಮ್ಮ ಊರಿನ ದರ ಇಟ್ಟು ಮತ್ತೆ ಭಾಗಿಸಿ.

ಒಣಾಂಶ ಎಷ್ಟಿದೆ ಎಂದು ಮನೆಯಲ್ಲೇ ತಿಳಿಯಬಹುದೇ?

ಅಡುಗೆಮನೆಯ ತಕ್ಕಡಿ, ದಪ್ಪ ತಳದ ಬಾಣಲೆ ಸಾಕು. ಲೋಡಿನ ಮೇಲೆ, ನಡುವೆ, ಕೆಳಗೆ, ಮೂರೂ ಕಡೆಯಿಂದ ತೆಗೆದು ಕಲಸಿ 200 ಗ್ರಾಂ ತೂಗಿ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಒಣಗಿಸಿ. ಸೀಯಬಾರದು, ಸೀದರೆ ತೂಕ ಸುಳ್ಳಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ತೂಗಿ, ಎರಡು ಸಲ ಒಂದೇ ತೂಕ ಬಂದರೆ ನಿಲ್ಲಿಸಿ. 200 ಗ್ರಾಂ 44 ಗ್ರಾಂಗೆ ಇಳಿದರೆ ಒಣಾಂಶ ಶೇ. 22. ಅದೇ 36 ಗ್ರಾಂಗೆ ಇಳಿದರೆ ಶೇ. 18, ಆಗ 8 ರೂಪಾಯಿಯ ಮಡ್ಡಿ ಒಣಾಂಶದ ಲೆಕ್ಕದಲ್ಲಿ 44 ರೂಪಾಯಿ ಆಗಿಬಿಡುತ್ತದೆ. ಒಂದೇ ಕಾರ್ಖಾನೆಯ ಮಡ್ಡಿಯಾದರೂ ಲೋಡಿನಿಂದ ಲೋಡಿಗೆ ಇಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಟ್ರಾಲಿಯಿಂದ ನೀರು ಸೋರುತ್ತಾ ಬಂದರೆ ತೂಕವಾದ ಮೇಲೆ ಸೋರಿತೋ ಮೊದಲೇ ಸೋರಿತೋ ಕೇಳಿ.

ಬಿಯರ್ ಮಡ್ಡಿ ತಿಂದರೆ ಹಸುವಿಗೆ ನಶೆ ಏರುತ್ತದೆಯೇ? ಹಾಲಿಗೆ ವಾಸನೆ ಬರುತ್ತದೆಯೇ?

ನಶೆ ಏರುವುದಿಲ್ಲ. ಮೊಳಕೆ ಬಂದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿನೀರು ಬಸಿದುಕೊಂಡ ಮೇಲೆ ಉಳಿಯುವ ಸಿಪ್ಪೆಯೇ ಮಡ್ಡಿ. ಹುಳಿ ಬರಿಸಿ ಮದ್ಯ ಆಗುವುದು ಆ ಸಿಹಿನೀರು. ಮಡ್ಡಿ ಅದಕ್ಕೂ ಮೊದಲೇ ಹೊರಗೆ ಬಿದ್ದಿರುತ್ತದೆ. ಆದರೆ ಅದೇ ಕಾರ್ಖಾನೆಯಿಂದ ತೆಳು ಗಂಜಿಯಂಥ ಯೀಸ್ಟ್ ಕೆಸರೂ ಬರುತ್ತದೆ. ಅದು ಬೇರೆ ಸರಕು. ಬಿಸಿ ಮಾಡಿ ಯೀಸ್ಟನ್ನು ಸಾಯಿಸದೆ ಕೊಟ್ಟರೆ ಹೊಟ್ಟೆಯೊಳಗೂ ಹುದುಗಿ ಉಬ್ಬರ ತರಿಸುತ್ತದೆ.

ಹಾಲಿಗೆ ವಾಸನೆ ಬರುವುದು ಹುಳಿತ ಮಡ್ಡಿಯನ್ನು ಕರೆಯುವ ಮುಂಚೆ ಹಾಕಿದಾಗ. ಕರೆದ ಮೇಲೆ ಹಾಕಿ, ಕೊಟ್ಟಿಗೆಯಲ್ಲಿ ರಾಶಿ ಬಿಡಬೇಡಿ.

ದಿನಕ್ಕೆ ಎಷ್ಟು ಹಾಕಬಹುದು? ಎಷ್ಟು ದಿನ ಇಡಬಹುದು?

ದೊಡ್ಡ ಮಿಶ್ರತಳಿ ಹಸುವಿಗೆ ಹಸಿ ಮಡ್ಡಿ 10 ಕೆಜಿವರೆಗೆ, ಎರಡು ಹೊತ್ತು ಹಂಚಿ. 15 ಕೆಜಿ ದಾಟಿದರೆ ಒಣಹುಲ್ಲು ತಿನ್ನುವುದು ಕಡಿಮೆಯಾಗಿ ಮೆಲುಕು ಕುಗ್ಗುತ್ತದೆ. ಮೂರು ತಿಂಗಳೊಳಗಿನ ಕರುಗಳಿಗೆ ಬೇಡ.

ಬೇಸಿಗೆಯಲ್ಲಿ ತೆರೆದಿಟ್ಟ ಮಡ್ಡಿ ಎರಡು ಮೂರು ದಿನಕ್ಕೆ ಕೆಡುತ್ತದೆ. ವಾರಕ್ಕೊಂದು ಲೋಡು ತರುವವರು ಡ್ರಮ್ಮಿನಲ್ಲಿ ಸೈಲೇಜ್, ಅಂದರೆ ಗಾಳಿಯಾಡದಂತೆ ಹುಳಿಸಿದ ಮೇವು, ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಮಡ್ಡಿ ಒಂದೇ ಆದರೆ ನೀರು ಹೆಚ್ಚಾಗಿ ಕೊಳೆಯುತ್ತದೆ, ಒಣ ಸರಕು ಬೆರೆಸಲೇಬೇಕು. 80 ಕೆಜಿ ಮಡ್ಡಿಗೆ 20 ಕೆಜಿ ಬೂಸಾ, ಎಣ್ಣೆ ತೆಗೆದ ತೌಡು ಅಥವಾ ಸಣ್ಣಗೆ ಕತ್ತರಿಸಿದ ಒಣಹುಲ್ಲು ಸೇರಿಸಿದರೆ ಒಣಾಂಶ ಶೇ. 35ಕ್ಕೆ ಬರುತ್ತದೆ. ಜೊತೆಗೆ ಅರ್ಧದಿಂದ ಒಂದು ಕೆಜಿ ಉಪ್ಪು. ಹಿಡಿ ತೆಗೆದು ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಹರಿಯಬಾರದು. 200 ಲೀಟರ್ ಡ್ರಮ್ಮಿಗೆ ಒಂದು ಗೇಣಿಗಿಂತ ದಪ್ಪವಾಗದ ಪದರ ಹಾಕಿ, ಪ್ರತಿ ಪದರವನ್ನೂ ತುಳಿದು ಗಾಳಿ ಹೊರಡಿಸಿ. ಬಾಯಿಯವರೆಗೂ ತುಂಬಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಕಬ್ಬಿಣದ ಪಟ್ಟಿ ಬಿಗಿದು 21 ದಿನ ಬಿಡಿ. ತೆರೆದ ಡ್ರಮ್ಮನ್ನು ದಿನಕ್ಕೆ ಕನಿಷ್ಠ 10 ಸೆಂ.ಮೀ. ಆಳ ಖಾಲಿ ಮಾಡುತ್ತಾ ಹೋಗಬೇಕು. ನಾಲ್ಕು ಹಸುವಿದ್ದರೆ ಇದು ಕಷ್ಟವಲ್ಲ. ಒಂದೇ ಹಸು ಇರುವವರು 50 ಲೀಟರಿನ ಚಿಕ್ಕ ಡ್ರಮ್ಮುಗಳನ್ನೇ ಬಳಸಲಿ, ಇಲ್ಲವಾದರೆ ಮೇಲ್ಪದರ ಬಿಸಿಯಾಗಿ ಬೂಸ್ಟು ಹಿಡಿಯುತ್ತದೆ.

ಚೆನ್ನಾಗಿ ಬಂದದ್ದು ದೋಸೆ ಹಿಟ್ಟಿನ ಹುಳಿವಾಸನೆ ಬೀರುತ್ತದೆ. ಕೊಳೆತ ಬೆಣ್ಣೆಯಂಥ ವಾಸನೆ, ಲೋಳೆ, ಹಸಿರು ಅಥವಾ ಕಪ್ಪು ಬೂಸ್ಟು ಕಂಡರೆ ತಿಪ್ಪೆಗೆ ಹಾಕಿ.

ಮಡ್ಡಿ ತಿನ್ನುತ್ತಿದ್ದ ಹಸು ಹಿಂಗಾಲು ಎಳೆದು ತೂರಾಡುತ್ತಿದೆ. ಕ್ಯಾಲ್ಸಿಯಂ ಬಾಟಲಿ ಹಾಕಿಸಲೇ?

ಮೊದಲು ಮಡ್ಡಿ ನಿಲ್ಲಿಸಿ, ಆಮೇಲೆ ಪಶುವೈದ್ಯರನ್ನು ಕರೆಸಿ. ಮೊಳಕೆ ಧಾನ್ಯದ ಉಳಿಕೆಯ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಕ್ಲಾವೇಟಸ್ ಎಂಬ ಬೂಸ್ಟು ನರಗಳಿಗೆ ಹೊಡೆಯುವ ವಿಷ ಬಿಡುತ್ತದೆ. ಮೈ ನಡುಗುವುದು, ಹಿಂಗಾಲಿನ ಗೊರಸು ಮಡಚಿಕೊಂಡು ನಡೆಯುವುದು, ಓಡಿಸಿದರೆ ಕುಸಿಯುವುದು, ಆದರೆ ಬಿದ್ದಲ್ಲೇ ಮೇವು ತಿನ್ನುತ್ತಿರುವುದು ಇದರ ಗುರುತು. ಒಂದೇ ಲೋಡು ತಿಂದ ಎರಡು ಮೂರು ದನಕ್ಕೆ ಒಟ್ಟಿಗೆ ಬಂದರೆ ಅನುಮಾನ ಬಲವಾಗುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಕರು ಹಾಕಿ ಎರಡು ಮೂರು ದಿನದ ಹಸು ಒಂದೇ ಮಲಗಿದ್ದರೆ ಕ್ಯಾಲ್ಸಿಯಂ ಇಳಿದು ಬರುವ ಹಾಲುಜ್ವರ ಇರಬಹುದು, ಆಗ ಕ್ಯಾಲ್ಸಿಯಂ ಸರಿ. ಎರಡನ್ನೂ ಬೇರ್ಪಡಿಸುವುದು ವೈದ್ಯರ ಕೆಲಸ. ಅವರಿಗೆ ತೋರಿಸಲು ಆ ಲೋಡಿನ ಒಂದು ಮುಷ್ಟಿ ಮಡ್ಡಿ ತೆಗೆದಿಡಿ.

ಹಸಿ ತೌಡು ಒಳ್ಳೆಯದೋ, ಎಣ್ಣೆ ತೆಗೆದ ತೌಡೋ?

ಎರಡೂ ಒಳ್ಳೆಯದೇ, ಬಳಸುವ ಬಗೆ ಬೇರೆ. ಮಿಲ್ಲಿನಿಂದ ಬಂದ ಹಸಿ ತೌಡಿನಲ್ಲಿ ಎಣ್ಣೆ ಶೇ. 12ರಿಂದ 18, ಪ್ರೋಟೀನ್ ಶೇ. 12ರಿಂದ 14. ಶಕ್ತಿ ಹೆಚ್ಚು, ಆದರೆ ಬಾಳಿಕೆಯಿಲ್ಲ. ಅಕ್ಕಿಯ ಮೇಲ್ಪದರ ಉಜ್ಜಿದ ಗಳಿಗೆಯಿಂದಲೇ ಅದರಲ್ಲಿರುವ ಲೈಪೇಸ್ ಎಂಬ ಕಿಣ್ವ ಎಣ್ಣೆಯನ್ನು ಒಡೆಯತೊಡಗುತ್ತದೆ. ಒಂದು ವಾರಕ್ಕೆ ಗಂಟಲು ಕೆರೆಯುವ ಕಮಟು ಬರುತ್ತದೆ, ದನ ಮೂಸಿ ಮುಖ ತಿರುಗಿಸುತ್ತದೆ. ವಾರದೊಳಗೆ ಮುಗಿಯುವಷ್ಟೇ ತನ್ನಿ. ಎಣ್ಣೆ ತೆಗೆದದ್ದು ಒಣಗಿದ್ದರೆ ತಿಂಗಳುಗಟ್ಟಲೆ ಇರುತ್ತದೆ, ಪ್ರೋಟೀನೂ ಶೇ. 14ರಿಂದ 16 ಇರುತ್ತದೆ.

ಹಸಿ ತೌಡನ್ನು ಹಸುವಿಗೆ ಒಂದೂವರೆ ಕೆಜಿ ಮೀರಿಸಬೇಡಿ. 3 ಕೆಜಿ ಹಾಕಿದಿರಿ ಎನ್ನಿ, ಅದರಲ್ಲೇ 450 ಗ್ರಾಂ ಎಣ್ಣೆ ಹೋಯಿತು. ದಿನಕ್ಕೆ 12 ಕೆಜಿ ಒಣಾಂಶ ತಿನ್ನುವ ಹಸುವಿಗೆ ಎಲ್ಲ ಸೇರಿ 700 ಗ್ರಾಂ ಕೊಬ್ಬು ಮಿತಿ. ಹುಲ್ಲು, ಹಿಂಡಿಯಿಂದ ಅರ್ಧದಷ್ಟು ಹೇಗೂ ಬಂದಿರುತ್ತದೆ. ಮಿತಿ ದಾಟಿದ ಎಣ್ಣೆ ಹೊಟ್ಟೆಯ ಜೀವಾಣುಗಳನ್ನು ಅದುಮುತ್ತದೆ, ನಾರು ಕರಗುವುದಿಲ್ಲ, ಡೇರಿಯಲ್ಲಿ ಫ್ಯಾಟ್ ಇಳಿದ ಚೀಟಿ ಬರುತ್ತದೆ.

ಶೇಂಗಾ ಹಿಂಡಿಯಲ್ಲಿ ಸ್ವಲ್ಪ ಬೂಸ್ಟು ಇದೆ. ಬಿಸಿಲಿಗೆ ಹಾಕಿ, ಬೂಸ್ಟು ಕೆರೆದು ಹಾಕಬಹುದೇ?

ಬೇಡ. ಬೂಸ್ಟು ಹೋಗುತ್ತದೆ, ವಿಷ ಉಳಿಯುತ್ತದೆ. ಶೇಂಗಾಕ್ಕೆ ಹಿಡಿಯುವ ಆಸ್ಪರ್ಜಿಲಸ್ ಫ್ಲೇವಸ್ ಬಿಡುವ ಅಫ್ಲಾಟಾಕ್ಸಿನ್ ಕುದಿಸಿದರೂ ಪೂರ್ತಿ ನಾಶವಾಗುವುದಿಲ್ಲ. ಹೊಲದಲ್ಲಿ ಕಾಯಿ ಬಲಿಯುವಾಗ ಬರಗಾಲ ಬಿದ್ದು ಸಿಪ್ಪೆ ಬಿರಿದಿದ್ದರೆ, ಕಿತ್ತ ಮೇಲೆ ಮಳೆಗೆ ಸಿಕ್ಕಿದ್ದರೆ ಗಾಣಕ್ಕೆ ಹೋಗುವ ಮೊದಲೇ ವಿಷ ಸೇರಿರುತ್ತದೆ. ಹಾಗಾಗಿ ಹಿಂಡಿ ಕಣ್ಣಿಗೆ ಚೊಕ್ಕಟವಾಗಿದ್ದರೂ ಒಳಗೆ ವಿಷ ಇಲ್ಲವೆಂದು ಹೇಳಲಾಗದು.

ಹಸು ತಿಂದ ಅಫ್ಲಾಟಾಕ್ಸಿನ್ ಬಿ1ರಲ್ಲಿ ನೂರಕ್ಕೆ ಒಂದೆರಡು ಭಾಗ, ಹೆಚ್ಚು ಹಾಲಿನ ಹಸುವಿನಲ್ಲಿ ಇನ್ನೂ ಹೆಚ್ಚು, ಎಂ1 ಎಂಬ ರೂಪದಲ್ಲಿ ಒಂದು ದಿನದೊಳಗೆ ಹಾಲಿಗೆ ಬರುತ್ತದೆ. ಹಾಲಿನಲ್ಲಿ ಎಂ1ಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹಾಕಿರುವ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ. ಕೆಟ್ಟ ಹಿಂಡಿ ನಿಲ್ಲಿಸಿದರೆ ಮೂರು ನಾಲ್ಕು ದಿನದಲ್ಲಿ ಹಾಲು ತಿಳಿಯಾಗುತ್ತದೆ. ಹಸುವಿನ ಲಿವರ್ ಅಷ್ಟು ಬೇಗ ಸುಧಾರಿಸುವುದಿಲ್ಲ: ಮೇವು ಬಿಡುವುದು, ಬೆದೆ ತಪ್ಪುವುದು, ಕೂದಲು ಒರಟಾಗುವುದು ತಿಂಗಳುಗಟ್ಟಲೆ ಎಳೆಯುತ್ತದೆ.

ಶೇಂಗಾ ಹಿಂಡಿಯಲ್ಲಿ ಪ್ರೋಟೀನ್ ಶೇ. 40 ದಾಟುತ್ತದೆ, ಅದಕ್ಕೇ ಎಲ್ಲರಿಗೂ ಆಸೆ. ಮಳೆಗಾಲದಲ್ಲಿ ಅರ್ಧ ಕಡಿಮೆ ಮಾಡಿ ಹತ್ತಿ, ಸೂರ್ಯಕಾಂತಿ ಅಥವಾ ಹುಚ್ಚೆಳ್ಳು ಹಿಂಡಿ ಸೇರಿಸಿ. ಚೀಲಗಳನ್ನು ಗೋಡೆಯಿಂದ ಒಂದು ಅಡಿ ದೂರ, ಮರದ ಹಲಗೆಯ ಮೇಲೆ ಜೋಡಿಸಿ. ಸಿಮೆಂಟು ನೆಲಕ್ಕೆ ತಾಗಿದ ಚೀಲದ ಅಡಿಭಾಗವನ್ನು ಬೆರಳಿಂದ ಒತ್ತಿ ನೋಡಿ. ಬೂಸ್ಟು ಹಿಡಿಯುವುದು ಅಲ್ಲಿಂದಲೇ.

ಹತ್ತಿ ಹಿಂಡಿ ಹಾಕಿದರೆ ಹಸು ಕಂದು ಹಾಕುತ್ತದೆ ಎನ್ನುತ್ತಾರೆ, ನಿಜವೇ?

ಹಾಗೆ ಭಯಪಡಬೇಕಿಲ್ಲ. ಹತ್ತಿಬೀಜದಲ್ಲಿ ಗಾಸಿಪಾಲ್ ಎಂಬ ವಿಷಾಂಶ ಇರುವುದು ನಿಜ. ಬೆಳೆದ ಹಸು, ಎಮ್ಮೆಗಳ ಹೊಟ್ಟೆಯ ಜೀವಾಣುಗಳು ಮಿತಪ್ರಮಾಣವನ್ನು ನಿಷ್ಕ್ರಿಯ ಮಾಡುತ್ತವೆ. ದಿನಕ್ಕೆ ಎರಡು ಕೆಜಿ ಹಿಂಡಿ ದೊಡ್ಡ ಹಸುವಿಗೆ ತೊಂದರೆಯಿಲ್ಲ. ನಾಲ್ಕು ತಿಂಗಳೊಳಗಿನ ಕರುವಿಗೆ ಕೊಡಬೇಡಿ, ಅದರ ಹೊಟ್ಟೆಯಲ್ಲಿ ಆ ಜೀವಾಣುಗಳು ಇನ್ನೂ ಬೇರೂರಿರುವುದಿಲ್ಲ. ಬೀಜದ ಹೋರಿಗೂ ಬೇಡ, ವೀರ್ಯ ಕೆಡುತ್ತದೆ. ಹಂದಿ, ಕೋಳಿಗೆ ಮಾಮೂಲಿ ಹತ್ತಿ ಹಿಂಡಿ ಬಳಸಬೇಡಿ.

ಹತ್ತಿ ಹಿಂಡಿ ತಿಂದ ದನದ ಬೆಣ್ಣೆ ಗಟ್ಟಿ, ತುಪ್ಪ ಬೇಗ ಹೆಪ್ಪುಗಟ್ಟುತ್ತದೆ. ಅದು ಕಲಬೆರಕೆಯಲ್ಲ.

ಬೇಳೆ ಗಿರಣಿಯ ಹೊಟ್ಟು, ಚುನ್ನಿ ಎರಡೂ ಒಂದೇ ತಾನೇ?

ಅಂಗಡಿಯವರು ಒಂದೇ ಎನ್ನುತ್ತಾರೆ, ದುಡ್ಡೂ ಒಂದೇ ತೆಗೆದುಕೊಳ್ಳುತ್ತಾರೆ. ಹೊಟ್ಟು ಎಂದರೆ ಕಾಳಿನ ಸಿಪ್ಪೆ. ಬಹುಪಾಲು ನಾರು, ಪ್ರೋಟೀನ್ ತೀರ ಕಡಿಮೆ. ಚುನ್ನಿಯಲ್ಲಿ ಸಿಪ್ಪೆಯ ಜೊತೆ ಒಡೆದ ಬೇಳೆ, ಮೊಳಕೆಯ ತುದಿ, ಹಿಟ್ಟು ಸೇರಿರುತ್ತದೆ, ಪ್ರೋಟೀನ್ ಶೇ. 14ರಿಂದ 18. ಅಂಗೈಯಲ್ಲಿ ಹಿಡಿದು ಊದಿ: ಹಾರಿಹೋದದ್ದು ಹೊಟ್ಟು, ಕೈಯಲ್ಲಿ ಉಳಿದದ್ದು ನಿಮ್ಮ ದುಡ್ಡು. ಕಡಲೆ ಹೊಟ್ಟಿನ ನಾರು ದನದ ಹೊಟ್ಟೆಯಲ್ಲಿ ಚೆನ್ನಾಗಿ ಕರಗುತ್ತದೆ, ಆದ್ದರಿಂದ ಅದನ್ನು ಹುಲ್ಲಿನ ಜಾಗಕ್ಕೆ ಲೆಕ್ಕ ಹಿಡಿಯಿರಿ, ಹಿಂಡಿಯ ಜಾಗಕ್ಕಲ್ಲ.

ಡಿಡಿಜಿಎಸ್ ಬಣ್ಣ ಒಂದೊಂದು ಸಲ ಒಂದೊಂದು ಥರ ಇರುತ್ತದೆ, ಏಕೆ?

ಎಥೆನಾಲ್‌ಗೆ ಪಿಷ್ಟ ಹೋದ ಮೇಲೆ ಉಳಿದದ್ದನ್ನು ಡ್ರೈಯರಿನಲ್ಲಿ ಒಣಗಿಸುತ್ತಾರೆ. ಹೊಂಬಣ್ಣ ಇದ್ದರೆ ಹದವಾಗಿ ಒಣಗಿದೆ. ಕಾಫಿಪುಡಿಯ ಬಣ್ಣ, ಸುಟ್ಟ ವಾಸನೆ ಇದ್ದರೆ ಅತಿ ಬಿಸಿಯಾಗಿ ಪ್ರೋಟೀನ್ ಸಕ್ಕರೆಗೆ ಅಂಟಿಕೊಂಡಿದೆ. ಲ್ಯಾಬ್ ವರದಿಯಲ್ಲಿ ಪ್ರೋಟೀನ್ ಕಾಣುತ್ತದೆ, ದನಕ್ಕೆ ದಕ್ಕದೆ ಸಗಣಿಯಲ್ಲಿ ಹೋಗುತ್ತದೆ. ಮೆಕ್ಕೆಜೋಳದ್ದರಲ್ಲಿ ಪ್ರೋಟೀನ್ ಶೇ. 26ರಿಂದ 30, ಅಕ್ಕಿಯದ್ದರಲ್ಲಿ ಶೇ. 40ರ ಮೇಲೆ.

ಇನ್ನೊಂದು ಮಾತು: ಪಿಷ್ಟ ಹೋದಾಗ ಧಾನ್ಯದ ತೂಕ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಧಾನ್ಯದಲ್ಲಿದ್ದ ಬೂಸ್ಟಿನ ವಿಷ ಅದರಲ್ಲೇ ಉಳಿದು ಮೂರು ಪಟ್ಟು ಗಾಢವಾಗುತ್ತದೆ. ಅಫ್ಲಾಟಾಕ್ಸಿನ್ ವರದಿ ಕೊಡದ ಮಾರಾಟಗಾರನಿಂದ ಕೊಳ್ಳದಿರುವುದೇ ಲೇಸು. ಹಿಂಡಿ ಮಿಶ್ರಣದಲ್ಲಿ ಡಿಡಿಜಿಎಸ್ ಅನ್ನು ಶೇ. 15ರಿಂದ 20ರೊಳಗೆ ಇಡಿ.

ಕಾಕಂಬಿ, ಕಬ್ಬಿನ ಸೋಗೆ, ಸಿಪ್ಪೆಗಳ ವಿಷಯ?

ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವಾದ ಕಾಕಂಬಿ ಅಬಕಾರಿ ಇಲಾಖೆಯ ನಿಯಂತ್ರಣದ ಸರಕು, ಬಿಡಿಯಾಗಿ ಸಿಗುವುದು ಕಷ್ಟ. ಸಿಕ್ಕರೆ ಮಿಶ್ರಣದಲ್ಲಿ ಶೇ. 10 ಮೀರದಿರಲಿ, ಹೆಚ್ಚಾದರೆ ಸಗಣಿ ತೆಳುವಾಗುತ್ತದೆ. ಒಣಹುಲ್ಲಿನ ಮೇಲೆ ನೀರು ಬೆರೆಸಿ ಚಿಮುಕಿಸುವುದು ಒಳ್ಳೆಯ ಬಳಕೆ.

ಸೋಗೆಯನ್ನು ಸುಡುವ ಬದಲು ಹಸಿಯಾಗಿ ಕತ್ತರಿಸಿ ಹಾಕಿ. ಪ್ರೋಟೀನ್ ಶೇ. 5ರಿಂದ 6 ಅಷ್ಟೇ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಆದ್ದರಿಂದ ಸೀಸನ್ ಪೂರ್ತಿ ಸೋಗೆಯ ಮೇಲೆಯೇ ಇರುವ ದನಕ್ಕೆ ಖನಿಜ ಮಿಶ್ರಣ ತಪ್ಪಿಸಬಾರದು. ಕಾರ್ಖಾನೆಯಲ್ಲಿ ರಸ ತೆಗೆದ ಕಬ್ಬಿನ ಸಿಪ್ಪೆ ಹಾಗೇ ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ಅಡಿಕೆ ಹಾಳೆ ಹುಲ್ಲಿಗೆ ಬದಲಾಗುತ್ತದೆಯೇ?

ಭತ್ತದ ಹುಲ್ಲಿಗೆ ಸರಿಸಮ ಎನ್ನಬಹುದು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪ್ರಾಣಿ ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದನ್ನು ಪರೀಕ್ಷಿಸಿ ಒಣಮೇವಾಗಿ ಬಳಸಬಹುದೆಂದು ತೋರಿಸಿದೆ. ಇಡೀ ಹಾಳೆಯನ್ನು ದನ ಅಗಿಯಲಾರದು, ಪುಡಿ ಮಾಡುವ ಯಂತ್ರ ಬೇಕು. ಬಿದ್ದ ಒಂದೆರಡು ದಿನದಲ್ಲಿ ಹೆಕ್ಕಿ ಒಣಗಿಸಿದರೆ ಬಣ್ಣ ತಿಳಿಯಾಗಿರುತ್ತದೆ. ಮಣ್ಣಿನ ಮೇಲೆ ನೆನೆದು ಕಪ್ಪು ಚುಕ್ಕೆ ಬಿದ್ದದ್ದು ಬೇಡ.

ಮಳೆಗಾಲದ ಹಾಳೆಗೆ ಇನ್ನೊಂದು ತಕರಾರು ಇದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ ಒಂದು ಕೆಜಿ ಮೈಲುತುತ್ತ, ಅಂದರೆ ತಾಮ್ರದ ಲವಣ, ಇರುತ್ತದೆ. ಗೊನೆಗೆ ಹೊಡೆದದ್ದು ಹಾಳೆಯ ಒಳಮೈಗೂ ಇಳಿದು ನೀಲಿ ಪುಡಿಯಾಗಿ ಕೂತಿರುತ್ತದೆ. ಹಸು ಸ್ವಲ್ಪ ತಾಳಿಕೊಳ್ಳುತ್ತದೆ. ಕುರಿಯ ಲಿವರ್ ತಾಮ್ರವನ್ನು ಹೊರಹಾಕಲಾರದೆ ಕೂಡಿಟ್ಟು, ಒಂದು ದಿನ ಗಂಜಲ ಕೆಂಪಾಗಿ ಕುರಿ ಸಾಯುತ್ತದೆ. ಬೋರ್ಡೋ ಬಿದ್ದ ಹಾಳೆ ಕುರಿಗೆ ಬೇಡವೇ ಬೇಡ. ದನಕ್ಕೂ ಡಿಸೆಂಬರಿನಿಂದ ಮೇವರೆಗೆ ಬಿದ್ದದ್ದನ್ನೇ ಕೂಡಿಡಿ.

ಹಣ್ಣಿನ ಕಾರ್ಖಾನೆಯ ಸಿಪ್ಪೆ?

ಬನವಾಸಿ ಸೀಮೆಯಲ್ಲಿ ಅನಾನಸ್ ಉಳಿಕೆ ಬೇಕಾದಷ್ಟು. ಸಿಪ್ಪೆ ಒಂದೇ ಆದರೆ ಎರಡು ದಿನಕ್ಕೆ ಹುಳಿತು ನೊಣ ಮುತ್ತುತ್ತದೆ. ನಾಲ್ಕು ಭಾಗ ಜುಟ್ಟಿನ ಎಲೆಗೆ ಒಂದು ಭಾಗ ಸಿಪ್ಪೆ, ಒಂದೆರಡು ಇಂಚಿಗೆ ಕತ್ತರಿಸಿ ಗಾಳಿಯಾಡದಂತೆ 20 ದಿನ ತುಳಿದಿಟ್ಟರೆ ಒಳ್ಳೆಯ ಸೈಲೇಜ್. ಮಾವಿನ ಸಿಪ್ಪೆಯಲ್ಲಿ ಸಕ್ಕರೆ ಬಹಳ, ದಿನಕ್ಕೆ ಐದು ಕೆಜಿಗೆ ನಿಲ್ಲಿಸಿ. ವಾಟೆ ಗಂಟಲಿಗೆ ಸಿಕ್ಕೀತು, ಆರಿಸಿ ತೆಗೆಯಿರಿ. ಟೊಮೆಟೊ ಸಾಸ್ ಘಟಕದ ಸಿಪ್ಪೆ ಮತ್ತು ಬೀಜ ಒಣಗಿಸಿದರೆ ಪ್ರೋಟೀನ್ ಶೇ. 20ರ ಹತ್ತಿರ ಬರುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಕರೆಯುವ ಹಸುವಿಗೆ ಬೇಡ.

ರೇಷ್ಮೆ ಮನೆಯಲ್ಲಿ ಉಳಿದ ಹಿಪ್ಪುನೇರಳೆ ಸೊಪ್ಪು?

ಕತ್ತರಿಸಿದ ಕಡ್ಡಿ, ಮಿಕ್ಕ ಸೊಪ್ಪು ಹಸುವಿಗೆ ಹಬ್ಬದೂಟ. ಆದರೆ ಹುಳುವಿನ ಹಾಸಿಗೆಗೆ ಸುಣ್ಣ, ಸೋಂಕುನಿವಾರಕ ಪುಡಿ ಉದುರಿಸಿದ ಮೇಲೆ ತೆಗೆದ ಕಸವನ್ನು ಗೊಬ್ಬರದ ಗುಂಡಿಗೇ ಹಾಕಿ.

ಮನೆಯಲ್ಲೇ 100 ಕೆಜಿ ಮಿಶ್ರಣ ಮಾಡಲು ಒಂದು ಲೆಕ್ಕ ಕೊಡಿ.

ಮೆಕ್ಕೆಜೋಳದ ನುಚ್ಚು 28 ಕೆಜಿ, ಗೋಧಿ ಬೂಸಾ 18, ತೊಗರಿ ಚುನ್ನಿ 12, ಎಣ್ಣೆ ತೆಗೆದ ತೌಡು 7, ಹತ್ತಿ ಹಿಂಡಿ 18, ಶೇಂಗಾ ಹಿಂಡಿ 14, ಖನಿಜ ಮಿಶ್ರಣ 2, ಉಪ್ಪು 1. ಪ್ರೋಟೀನ್ ಸುಮಾರು ಶೇ. 18 ಬರುತ್ತದೆ.

ಖನಿಜ ಮತ್ತು ಉಪ್ಪನ್ನು ನೇರವಾಗಿ ರಾಶಿಗೆ ಸುರಿಯಬೇಡಿ. ಮೊದಲು ಎರಡು ಕೆಜಿ ಬೂಸಾದಲ್ಲಿ ಕಲಸಿ, ಅದನ್ನು ಹತ್ತು ಕೆಜಿಯಲ್ಲಿ, ಆಮೇಲೆ ರಾಶಿಗೆ. ಸಲಿಕೆಯಿಂದ ರಾಶಿಯನ್ನು ನಾಲ್ಕು ಸಲ ಜಾಗ ಬದಲಿಸಿ. ಕೊನೆಗೆ ಐದು ಕಡೆ ಹಿಡಿ ತೆಗೆದು ಬಣ್ಣ ನೋಡಿ, ಐದೂ ಒಂದೇ ಥರ ಇರಬೇಕು.

ಹಸುವಿಗೆ ಮೈ ಕಾಯಲು ಒಂದೂವರೆ ಕೆಜಿ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. 10 ಲೀಟರ್ ಕೊಡುವ ಹಸುವಿಗೆ ಐದೂವರೆ ಕೆಜಿ ಆಯಿತು. ಎಮ್ಮೆಗೆ ಎರಡು ಲೀಟರಿಗೆ ಒಂದು ಕೆಜಿ. ಹಸಿರು ಮೇವು ಹೊಟ್ಟೆ ತುಂಬ ಸಿಗುತ್ತಿದ್ದರೆ ಇದರಲ್ಲಿ ಒಂದು ಕೆಜಿ ಇಳಿಸಬಹುದು. ಮಡ್ಡಿ ಹಾಕುವವರು ಸುಮಾರು 4 ಕೆಜಿ ಹಸಿ ಮಡ್ಡಿಗೆ ಒಂದು ಕೆಜಿ ಮಿಶ್ರಣ ಬಿಡಲಿ.

ಬೂಸಾ, ಹಿಂಡಿ ಚೆನ್ನಾಗಿ ಹಾಕುತ್ತೇವೆ, ಆದರೂ ಈದ ಮೇಲೆ ಹಸು ಏಳುವುದಿಲ್ಲ. ಏಕೆ?

ಕ್ಯಾಲ್ಸಿಯಂ ಸಾಲದೆ. ಬೂಸಾ, ತೌಡು, ಹಿಂಡಿ ಎಲ್ಲವೂ ರಂಜಕದ (ಫಾಸ್ಫರಸ್) ಮೂಟೆಗಳು. ತೌಡಿನಲ್ಲಿ ರಂಜಕ ಶೇ. 1.5ರ ಆಸುಪಾಸು, ಕ್ಯಾಲ್ಸಿಯಂ ಅದರ ಹತ್ತನೇ ಒಂದು ಭಾಗವೂ ಇಲ್ಲ. ಹಾಲಿನ ಪ್ರತಿ ಲೀಟರ್ ಹಸುವಿನ ಮೈಯಿಂದ 1.2 ಗ್ರಾಂ ಕ್ಯಾಲ್ಸಿಯಂ ಎಳೆದೊಯ್ಯುತ್ತದೆ. ಭತ್ತದ ಹುಲ್ಲಿನ ಆಕ್ಸಲೇಟ್ ಉಳಿದದ್ದನ್ನೂ ಹಿಡಿದುಕೊಳ್ಳುತ್ತದೆ. ಕರೆಯುವ ಹಸುವಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣದ ಜೊತೆ 25ರಿಂದ 30 ಗ್ರಾಂ ಸುಣ್ಣಕಲ್ಲಿನ ಪುಡಿ ಕೊಡಿ. ಮೇಲಿನ ಮಿಶ್ರಣ ತಿನ್ನುತ್ತಿದ್ದರೆ ಖನಿಜ ಅದರಲ್ಲೇ ಬಂದಿರುತ್ತದೆ, ಸುಣ್ಣಕಲ್ಲು ಮಾತ್ರ ಸಾಕು. ಸುಟ್ಟ ಸುಣ್ಣ ಹಾಕಿಬಿಟ್ಟೀರಿ, ಬಾಯಿ ಸುಡುತ್ತದೆ. ಗಬ್ಬದ ಕೊನೆಯ ಮೂರು ವಾರ ಈ ಹೆಚ್ಚುವರಿ ಸುಣ್ಣಕಲ್ಲು ನಿಲ್ಲಿಸಿ. ಆಗ ಕ್ಯಾಲ್ಸಿಯಂ ಧಾರಾಳವಾಗಿ ಸಿಕ್ಕರೆ ಮೂಳೆಯಿಂದ ತೆಗೆದುಕೊಳ್ಳುವ ಅಭ್ಯಾಸವನ್ನು ಹಸುವಿನ ಮೈ ಮರೆಯುತ್ತದೆ, ಈದ ದಿನ ಹಾಲು ಸುರಿಯತೊಡಗಿದಾಗ ತಡವರಿಸುತ್ತದೆ.

ಬೂಸಾ, ತೌಡು ಹಾಕಿ ಕೊಬ್ಬಿಸಿದ ಟಗರಿಗೆ ಉಚ್ಚೆ ಕಟ್ಟಿದೆ.

ಇದೂ ರಂಜಕದ್ದೇ ಕರಾಮತ್ತು. ಹೆಚ್ಚಾದ ರಂಜಕ ಗಂಜಲದಲ್ಲಿ ಹರಳಾಗಿ ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಬೀಜ ಒಡೆಸಿದ ಟಗರಿನಲ್ಲಿ ನಾಳ ಇನ್ನೂ ಕಿರಿದು. ಟಗರು ಬೆನ್ನು ಬಾಗಿಸಿ ತಿಣುಕುತ್ತದೆ, ಬಾಲ ಆಡಿಸುತ್ತದೆ, ಹೊಟ್ಟೆಯಡಿಯ ಕೂದಲ ಮೇಲೆ ಮರಳಿನಂಥ ಹರಳು ಕಾಣುತ್ತದೆ. ಅದೇ ದಿನ ವೈದ್ಯರಿಗೆ ತೋರಿಸಬೇಕು, ನೀರುಚೀಲ ಒಡೆದರೆ ಉಳಿಯುವುದಿಲ್ಲ. ತಡೆಯಲು ಕ್ಯಾಲ್ಸಿಯಂ ಪ್ರಮಾಣ ರಂಜಕದ ಎರಡರಷ್ಟು ಇರುವಂತೆ ಸುಣ್ಣಕಲ್ಲಿನ ಪುಡಿ ಸೇರಿಸಿ, ಮಿಶ್ರಣಕ್ಕೆ ಶೇ. 1 ಉಪ್ಪು ಹಾಕಿ, ನೀರು ಸದಾ ಎದುರಿಗಿರಲಿ.

ಕಲಬೆರಕೆ ಪತ್ತೆ ಹೇಗೆ?

ತೌಡನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ ಬಿಡಿ: ಭತ್ತದ ಹೊಟ್ಟು ತೇಲುತ್ತದೆ, ಮರಳು ಮೊದಲು ತಳ ಸೇರುತ್ತದೆ. ಹಿಂಡಿಗೆ ಯೂರಿಯಾ ಬೆರೆಸಿ ಪ್ರೋಟೀನ್ ಹೆಚ್ಚು ತೋರಿಸುವವರೂ ಇದ್ದಾರೆ. ಹಿಂಡಿಯನ್ನು ನೀರಿನಲ್ಲಿ ಕದಡಿ ಸೋಸಿ, ಆ ನೀರಿಗೆ ಅರ್ಧ ಚಮಚ ಹಸಿ ಸೋಯಾ ಅಥವಾ ತೊಗರಿ ಹಿಟ್ಟು ಹಾಕಿ ಐದು ನಿಮಿಷ ಬಿಟ್ಟು ಕೆಂಪು ಲಿಟ್ಮಸ್ ಕಾಗದದ ಪಟ್ಟಿ ಅದ್ದಿ. ನೀಲಿಯಾದರೆ ಯೂರಿಯಾ ಇದೆ. ಹಿಟ್ಟು ಹಾಕದ ನೀರಿಗೂ ಒಂದು ಪಟ್ಟಿ ಅದ್ದಿ ಹೋಲಿಸಿ.

ಯಾವುದನ್ನು ಎಂದಿಗೂ ಹಾಕಬಾರದು?

ಹರಳು ಹಿಂಡಿ, ಅದರಲ್ಲಿರುವ ರೈಸಿನ್ ಕೊಲ್ಲುವ ವಿಷ. ಬೇವು, ಹೊಂಗೆ ಹಿಂಡಿ ಗೊಬ್ಬರಕ್ಕೆ. ಗೋಡಂಬಿ ಬೀಜದ ಓಡು ಬೇಡ, ಅದರ ಎಣ್ಣೆ ಬಾಯಿ ಮತ್ತು ಕರುಳನ್ನು ಸುಡುತ್ತದೆ. ಬಿತ್ತನೆ ಬೀಜ ಕಂಪನಿಗಳು ತಿರಸ್ಕರಿಸಿದ ಕೆಂಪು, ಗುಲಾಬಿ ಬಣ್ಣದ ಮೆಕ್ಕೆಜೋಳ ರಾಣೆಬೆನ್ನೂರು ಕಡೆ ಅಗ್ಗಕ್ಕೆ ಕಂಡರೆ ಮುಟ್ಟಬೇಡಿ. ಆ ಬಣ್ಣ ಔಷಧಿಯದ್ದು. ತೊಳೆದರೆ ಬಣ್ಣ ಹೋಗುತ್ತದೆ, ಔಷಧಿ ಹೋಗುವುದಿಲ್ಲ.

ಹೊಸ ಉಳಿಕೆಗೆ ಎಷ್ಟು ದಿನದಲ್ಲಿ ಒಗ್ಗಿಸಬೇಕು?

ಹತ್ತರಿಂದ ಹದಿನಾಲ್ಕು ದಿನ. ಮೊದಲ ಮೂರು ದಿನ ಗುರಿಯ ಕಾಲುಭಾಗ, ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಇನ್ನೊಂದು ಕಾಲುಭಾಗ. ಸಗಣಿ ನೋಡುತ್ತಿರಿ. ಗಟ್ಟಿ ಗಂಜಿಯಂತೆ ಬಿದ್ದು ನಡುವೆ ಕುಳಿ ಬಿದ್ದರೆ ಮುಂದುವರಿಸಿ. ಬೂದುಬಣ್ಣ, ನೊರೆ, ಹುಳಿವಾಸನೆ ಬಂದರೆ ಹಿಂದಿನ ಹಂತಕ್ಕೆ ಇಳಿಸಿ.

ಮದುವೆ ಮನೆಯ ಅನ್ನ, ಬೇಕರಿ ಚೂರು, ಪಿಷ್ಟದ ಉಳಿಕೆಯನ್ನು ಒಮ್ಮೆಲೇ ಸುರಿದಾಗ ಹೊಟ್ಟೆ ಹುಳಿಯಾಗಿ ದನ ಮೆಲುಕು ನಿಲ್ಲಿಸುತ್ತದೆ, ಎಡಹೊಟ್ಟೆ ನೀರು ತುಂಬಿದ ಚೀಲದಂತೆ ಅಲುಗುತ್ತದೆ, ಕಣ್ಣು ಗುಳಿ ಬೀಳುತ್ತದೆ. ವೈದ್ಯರು ಬರುವ ತನಕ ಎದ್ದುನಿಂತಿರುವ ದನಕ್ಕೆ 100ರಿಂದ 150 ಗ್ರಾಂ ಅಡುಗೆ ಸೋಡಾವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ, ತಲೆ ಹೆಚ್ಚು ಎತ್ತದೆ, ಗುಟುಕು ಗುಟುಕಾಗಿ ಕುಡಿಸಿ. ಮಲಗಿಬಿಟ್ಟ ದನಕ್ಕೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.